ಮುಖಕ್ಕೆ ಮಾರ್ಕ್ಸ್ ಹಾಕೋಕೆ ನಾವ್ಯಾರು?

ಭಾಗ 1/9

ಮೊದಲು ನನ್ನ ತಪ್ಪು ಒಪ್ಕೊಳ್ತೀನಿ, ಆಮೇಲೆ ಜಗಳ ಆಡ್ತೀನಿ.

ಫ್ರೆಶರ್ಸ್ ಡೇಗೆ ಮೂರು ವಾರ ಇದ್ದಾಗ ನಮ್ಮ ಕ್ಲಾಸ್ ಗ್ರೂಪಿಗೆ ಒಂದು ಲಿಸ್ಟ್ ಬಂತು, ನೆನಪಿದ್ಯಾ? 'ಯಾರ ಮುಖ ಯಾವ ಶೇಪ್, ಯಾರಿಗೆ ಯಾವ ಹೇರ್‌ಸ್ಟೈಲ್' ಅಂತ. ದುಂಡು, ಚೌಕ, ಉದ್ದ, ಹಾರ್ಟ್, ಡೈಮಂಡ್, ಓವಲ್. ಹತ್ತೊಂಬತ್ತು ಹುಡುಗೀರ ಹೆಸರು, ಪಕ್ಕದಲ್ಲಿ ಶೇಪು, ಅದರ ಪಕ್ಕದಲ್ಲಿ 'ಮಾಡಬೇಕಾದ್ದು, ಮಾಡಬಾರದ್ದು'. ಎಲ್ಲರೂ ನಕ್ಕಿದ್ರಿ. ಎಷ್ಟೋ ಜನ ಸೇವ್ ಕೂಡ ಮಾಡ್ಕೊಂಡ್ರಿ.

ಆ ಲಿಸ್ಟ್ ಮಾಡಿದ್ದು ನಾನು. ಆಲೂರಿಂದ ಸಕಲೇಶಪುರಕ್ಕೆ ಬರೋ ಬಸ್ಸಲ್ಲಿ ಕೂತು, ಪಾಳ್ಯ ಬರೋಕೆ ಮುಂಚೆ ಶುರು ಮಾಡಿ, ಬಾಳ್ಳುಪೇಟೆ ದಾಟೋ ಹೊತ್ತಿಗೆ ಮುಗಿಸಿದ್ದೆ. ಒಬ್ಬೊಬ್ಬಳ ಮುಖಕ್ಕೆ ಒಂದು ನಿಮಿಷವೂ ಕೊಟ್ಟಿರಲಿಲ್ಲ.

ಅದರಲ್ಲಿ ಒಬ್ಬಳ ಹೆಸರಿನ ಮುಂದೆ 'ಚೌಕ. ದವಡೆ ಮುಚ್ಚಬೇಕು' ಅಂತ ಬರೆದಿದ್ದೆ. ಫ್ರೆಶರ್ಸ್ ಡೇ ದಿನ ಅವಳು ಯಾವ ಫೋಟೋಗೂ ನಿಲ್ಲಲಿಲ್ಲ. "ನೀವು ನಿಂತ್ಕೊಳ್ರೇ, ನಾನು ತೆಗೀತೀನಿ" ಅಂತ ಎಲ್ಲರ ಫೋನೂ ಇಸ್ಕೊಂಡು ಓಡಾಡಿದಳು. ಎಷ್ಟು ಒಳ್ಳೆಯವಳು ಅಂದ್ಕೊಂಡ್ವಿ. ಮನೆಗೆ ಬಂದು ನೋಡ್ತೀನಿ, ನಲವತ್ತೆರಡು ಫೋಟೋ ಇದೆ. ಒಂದರಲ್ಲೂ ಅವಳಿಲ್ಲ.

ಮೇಲಿರೋದು ಅವಳು ತೆಗೆದ ಫೋಟೋ. ಅವಳನ್ನ ಕೇಳಿಯೇ ಇದನ್ನ ಬರೀತಿದೀನಿ. ಹೆಸರು ಹಾಕಲ್ಲ, ನೀವೂ ಕಾಮೆಂಟಲ್ಲಿ ಹಾಕ್ಬೇಡಿ.

ಭಾಗ 2/9

ಈಗ ಜಗಳ.

ಮುಖದ ಆಕಾರಕ್ಕೆ ತಕ್ಕ ಹೇರ್‌ಸ್ಟೈಲ್ ಹೇಳೋ ಚಾರ್ಟ್ ಯಾವುದನ್ನಾದ್ರೂ ತೆಗೆದು ನಿಧಾನಕ್ಕೆ ಓದಿ. ಶೇಪ್ ಹೆಸರು ಬಿಡಿ, ಕ್ರಿಯಾಪದಗಳನ್ನ ನೋಡಿ. ದುಂಡು ಮುಖವಾ? ಕೆನ್ನೆ 'ಮರೆಮಾಡಿ'. ಚೌಕವಾ? ದವಡೆ 'ಮೃದು ಮಾಡಿ'. ಉದ್ದ ಮುಖವಾ? ಹಣೆ 'ಮುಚ್ಚಿ'. ಹಾರ್ಟ್ ಆಕಾರವಾ? ಗಲ್ಲದ ಹತ್ತಿರ ಕೂದಲು 'ತುಂಬಿಸಿ'. ಓವಲ್‌ಗೆ ಬಂದಾಗ ಮಾತ್ರ ಧ್ವನಿ ಬದಲಾಗುತ್ತೆ: 'ನೀವು ಅದೃಷ್ಟವಂತರು, ಯಾವ ಸ್ಟೈಲೂ ಒಪ್ಪುತ್ತೆ!'

ಅಂದ್ರೆ ಆರು ಶೇಪಲ್ಲಿ ಪಾಸಾಗೋದು ಒಂದೇ. ಉಳಿದ ಐದಕ್ಕೂ ರಿಪೇರಿ. 'ನಿಮಗೆ ಒಪ್ಪೋ ಹೇರ್‌ಸ್ಟೈಲ್' ಅನ್ನೋ ಸಿಹಿ ಮಾತಿನ ಒಳಗಿರೋದು 'ನಿಮ್ಮ ಮುಖ ಓವಲ್ ಥರ ಕಾಣೋ ಹಾಗೆ ಮಾಡೋದು ಹೇಗೆ' ಅನ್ನೋ ಲೆಕ್ಕ. ಓವಲ್ ಅಂದ್ರೆ ಮೊಟ್ಟೆ ಆಕಾರ. ನಾವೆಲ್ಲ ಮೊಟ್ಟೆ ಆಗೋಕೆ ಇಷ್ಟು ಒದ್ದಾಡ್ಬೇಕಾ?

ನಾನು ನ್ಯಾಯವಾಗಿ ಮಾತಾಡ್ತೀನಿ. ಚಾರ್ಟಲ್ಲಿ ಅರ್ಧ ನಿಜ ಇದೆ. ನೆತ್ತಿ ಮೇಲೆ ಕೂದಲು ಎತ್ತರವಾಗಿ ನಿಂತ್ರೆ ಮುಖ ಉದ್ದ ಕಾಣುತ್ತೆ. ಕಿವಿ ಪಕ್ಕ ತುಂಬಿಕೊಂಡ್ರೆ ಅಗಲ ಕಾಣುತ್ತೆ. ಹಣೆ ಮೇಲೆ ಕೂದಲು ಬಿಟ್ಟರೆ ಮುಖ ಗಿಡ್ಡ ಕಾಣುತ್ತೆ. ಬೈತಲೆ ನಡುವಿಂದ ಪಕ್ಕಕ್ಕೆ ಹೋದ್ರೆ ಕಣ್ಣು ಹೋಗೋ ಜಾಗ ಬದಲಾಗುತ್ತೆ. ಇದು ಕಣ್ಣಿಗೆ ಕಾಣೋ ಸತ್ಯ, ಇದರ ಮೇಲೆ ನಂಗೆ ಕೋಪ ಇಲ್ಲ. 'ಹೀಗೆ ಮಾಡಿದ್ರೆ ಹೀಗೆ ಕಾಣುತ್ತೆ' ಅನ್ನೋದು ತಿಳುವಳಿಕೆ. 'ನಿನ್ನ ದವಡೆ ತಪ್ಪು, ಅದಕ್ಕೇ ಹೀಗೆ ಮಾಡು' ಅನ್ನೋದು ತೀರ್ಪು. ನಾನು ಬಸ್ಸಲ್ಲಿ ಕೂತು ಹಂಚಿದ್ದು ಹತ್ತೊಂಬತ್ತು ತೀರ್ಪು.

ಭಾಗ 3/9

"ಆದ್ರೂ ಶೇಪ್ ಅನ್ನೋದು ಅಳತೆ ಅಲ್ವಾ, ಅದು ಹೇಗೆ ಸುಳ್ಳಾಗುತ್ತೆ?" ಅಂತ ಒಬ್ಬಳು ಕೇಳಿದಳು. ಸರಿ, ಅಳೆದೇ ಬಿಡೋಣ.

ಚಾರ್ಟ್ ಪ್ರಕಾರ ನಾಲ್ಕು ಅಳತೆ ಬೇಕು: ಹಣೆ ಅಗಲ, ಕೆನ್ನೆಮೂಳೆ ಅಗಲ, ದವಡೆ ಅಗಲ, ಹಣೆ ಅಂಚಿಂದ ಗಲ್ಲದವರೆಗೆ ಉದ್ದ. ನಾನು ಅಮ್ಮನ ಹೊಲಿಗೆ ಟೇಪ್ ತಗೊಂಡು ಅಳೆದೆ. ನಾನು ಅಳೆದಾಗ 'ದುಂಡು'. ತಂಗಿ ಅಳೆದಾಗ 'ಹಾರ್ಟ್'. ಟೇಪ್ ಅರ್ಧ ಸೆಂಟಿಮೀಟರ್ ಆಚೀಚೆ ಆದ್ರೆ ನನ್ನ ಜಾತಕವೇ ಬದಲು. ಆಪಿಗೆ ಸೆಲ್ಫಿ ಕೊಟ್ಟೆ, 'ಓವಲ್' ಅಂತು. ಎರಡು ನಿಮಿಷ ಖುಷಿಯಾದೆ. ಕಿಟಕಿ ಹತ್ತಿರ ಹೋಗಿ ಇನ್ನೊಂದು ಸೆಲ್ಫಿ ಕೊಟ್ಟೆ, 'ಉದ್ದ' ಅಂತು. ಒಂದೇ ಸಂಜೆ, ಒಂದೇ ಮುಖ, ನಾಲ್ಕು ಉತ್ತರ.

ಸೆಲ್ಫಿ ಇನ್ನೂ ದೊಡ್ಡ ಮೋಸ. 2018ರಲ್ಲಿ 'ಜಾಮಾ ಫೇಶಿಯಲ್ ಪ್ಲಾಸ್ಟಿಕ್ ಸರ್ಜರಿ' ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಅಮೆರಿಕದ ವೈದ್ಯರು ಒಂದು ಲೆಕ್ಕ ಪ್ರಕಟಿಸಿದ್ರು. 5 ಅಡಿ ದೂರದಿಂದ ತೆಗೆದ ಫೋಟೋಗೆ ಹೋಲಿಸಿದ್ರೆ 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ. 30ರಷ್ಟು ಅಗಲ ಕಾಣುತ್ತೆ ಅಂತ. ಕಾರಣ ಸುಲಭ. ಕ್ಯಾಮೆರಾ ಹತ್ತಿರ ಬಂದಷ್ಟೂ ಮುಂದಿರೋ ಮೂಗು ಉಬ್ಬುತ್ತೆ, ಹಿಂದಿರೋ ಕಿವಿ, ದವಡೆ ಕುಗ್ಗುತ್ತೆ. ಕನ್ನಡಿಯಲ್ಲಿ, ಎದುರು ಕೂತ ಗೆಳತಿ ಕಣ್ಣಲ್ಲಿ ಆ ಮುಖ ಇಲ್ಲವೇ ಇಲ್ಲ.

ನಾನು ಲಿಸ್ಟ್ ಮಾಡಿದ್ದು ನಿಮ್ಮೆಲ್ಲರ ಸೆಲ್ಫಿ ನೋಡಿ. ಅಂದ್ರೆ ಜಗತ್ತಲ್ಲೇ ಇಲ್ಲದ ಹತ್ತೊಂಬತ್ತು ಮುಖಗಳಿಗೆ ನಾನು ಹೇರ್‌ಸ್ಟೈಲ್ ಹೇಳಿದೀನಿ.

ಭಾಗ 4/9

ಈ ಫೋಟೋ ಬೇಲೂರಲ್ಲಿ ತೆಗೆದಿದ್ದು. ನಮ್ಮ ಪಕ್ಕದ ತಾಲ್ಲೂಕು, ಹೈಸ್ಕೂಲ್ ಟ್ರಿಪ್ಪಲ್ಲಿ ಎಲ್ಲರೂ ಹೋಗಿ ಬಂದಿದೀವಿ. ಗೈಡ್ ಹೇಳಿದ್ದಕ್ಕಿಂತ ಐಸ್‌ಕ್ಯಾಂಡಿ ಹೆಚ್ಚು ನೆನಪಿರಬಹುದು, ಪರವಾಗಿಲ್ಲ.

ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನ. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಅಲ್ಲಿ ಕೈಯಲ್ಲಿ ಕನ್ನಡಿ ಹಿಡಿದು ತನ್ನನ್ನ ತಾನೇ ನೋಡ್ಕೊಳ್ತಾ ನಿಂತವಳು ದರ್ಪಣ ಸುಂದರಿ. ನಮ್ಮ ಜಿಲ್ಲೆಯ ಅತೀ ಹಳೇ ಸೆಲ್ಫಿ ಅಂತ ತಮಾಷೆ ಮಾಡ್ತೀವಲ್ಲ, ಅವಳೇ. ಅವಳ ಮುಖ ಸರಿಯಾಗಿ ನೋಡಿ. ತುಂಬಿದ ಕೆನ್ನೆ, ದುಂಡು ಮುಖ. ನನ್ನ ಲಿಸ್ಟಲ್ಲಿ ಅವಳಿದ್ದಿದ್ರೆ 'ದುಂಡು. ಕೂದಲು ಹಿಂದಕ್ಕೆ ಎಳೆದು ಕಟ್ಟಬಾರದು. ಕೆನ್ನೆ ಮರೆಮಾಡಬೇಕು' ಅಂತ ಬರೀತಿದ್ದೆ. ಒಂಬೈನೂರು ವರ್ಷದಿಂದ ಜನ ಕತ್ತೆತ್ತಿ ನೋಡ್ತಿರೋ ಮುಖಕ್ಕೆ!

ಅವಳನ್ನೂ ಯಾರೋ ಶಿಲ್ಪಿ ತನ್ನ ಕಣ್ಣಿಗೆ ಚೆಂದ ಕಂಡ ಹಾಗೆ ಕೆತ್ತಿದ. ಅದೂ ಒಂದು ಅಳತೆಯೇ, ಒಪ್ತೀನಿ. 'ಎಲ್ಲರೂ ದರ್ಪಣ ಸುಂದರಿ ಥರ ಆಗಿ' ಅಂತ ನಾನು ಹೇಳ್ತಿಲ್ಲ. ನಾನು ಹೇಳೋದು ಇಷ್ಟೇ: ಒಂದು ಕಾಲಕ್ಕೆ ದುಂಡು ಮುಖ ಫಸ್ಟ್ ಕ್ಲಾಸು, ಇನ್ನೊಂದು ಕಾಲಕ್ಕೆ ಫೇಲು. ಹಾಗಾದ್ರೆ ತಪ್ಪಿರೋದು ಮುಖದಲ್ಲಾ, ಪ್ರಶ್ನೆಪತ್ರಿಕೆಯಲ್ಲಾ?

ಭಾಗ 5/9

ಈಗ ನಮ್ಮ ಗೆಳತಿಗೆ ಏನಾಯ್ತು ಅಂತ ಕೇಳಿ.

ಅವಳು ಹೆತ್ತೂರು ಕಡೆಯವಳು. ಅವಳ ಕೂದಲು ನೆಟ್ಟಗೂ ಇಲ್ಲ, ಪೂರ್ತಿ ಗುಂಗುರೂ ಅಲ್ಲ, ಅಲೆ ಅಲೆ. ಇಷ್ಟು ವರ್ಷ ಒಂದೇ ಜಡೆ ಹಾಕ್ಕೊಂಡು ಬರ್ತಿದ್ದವಳು ನನ್ನ ಲಿಸ್ಟ್ ನೋಡಿ ಪಾರ್ಲರಿಗೆ ಹೋದಳು. ಹಣೆ ಮೇಲೆ ಮುಂಗೂದಲು, ದವಡೆ ಮುಚ್ಚೋಕೆ ಎರಡೂ ಕಡೆ ಲೇಯರ್. ಅದು ನೆಟ್ಟಗೆ ನಿಲ್ಲಲಿ ಅಂತ ಒಂದು ಐರನ್ ಮೆಷಿನ್. ಎಲ್ಲಾ ಸೇರಿ ಎರಡು ಸಾವಿರದ ಚಿಲ್ಲರೆ. ಅವಳಮ್ಮ ತೋಟಕ್ಕೆ ಹೋಗ್ತಾರೆ, ಅವರ ನಾಲ್ಕೈದು ದಿನದ ಕೂಲಿ ಅದು.

ಫ್ರೆಶರ್ಸ್ ಡೇ ಹಿಂದಿನ ರಾತ್ರಿ ಗಾಳಿ ಮಳೆ. ಬೆಳಿಗ್ಗೆ ಕರೆಂಟಿಲ್ಲ. ಮಳೆಗಾಲದಲ್ಲಿ ಆ ಕಡೆ ಕಂಬ ಬಿದ್ರೆ ಎರಡು ದಿನ ಕರೆಂಟ್ ಬರಲ್ಲ, ನಿಮಗೇ ಗೊತ್ತು. ಮೆಷಿನ್ ಸುಮ್ನೆ ಕೂತಿತ್ತು. ಬಸ್ ಸ್ಟಾಪಿಗೆ ನಡೆದು ಬರೋಷ್ಟರಲ್ಲಿ ಮುಂಗೂದಲು ಹಣೆ ಮೇಲೆ ಉಬ್ಬಿ ನಿಂತಿತ್ತು, ಲೇಯರ್‌ಗಳು ದವಡೆ ಮುಚ್ಚೋ ಬದಲು ಹೊರಕ್ಕೆ ಸುತ್ಕೊಂಡಿದ್ವು. ಕಾಲೇಜು ಗೇಟ್ ಹತ್ರ ಯಾರೋ "ಏನೇ ಇದು?" ಅಂದ್ರು. ಅಷ್ಟೇ ಸಾಕಾಯ್ತು.

ಕರೆಂಟ್ ಇದ್ದಿದ್ರೂ ಗೆಲ್ತಿರಲಿಲ್ಲ ಬಿಡಿ. ಕೂದಲು ಕೆರಟಿನ್ ಅನ್ನೋ ಪ್ರೋಟೀನಿಂದ ಆಗಿರುತ್ತೆ. ಅದರೊಳಗಿನ ಹೈಡ್ರೋಜನ್ ಬಂಧಗಳು ನೀರಿಗೂ ಬಿಸಿಗೂ ಬಿಟ್ಟುಕೊಂಡು ಮತ್ತೆ ಕಟ್ಟಿಕೊಳ್ತವೆ. ಐರನ್ ಮಾಡಿದಾಗ ನೆಟ್ಟಗೆ ನಿಲ್ಲೋದು ಆ ಬಂಧಗಳ ದಯೆಯಿಂದ. ಗಾಳಿಯಲ್ಲಿ ತೇವ ಹೆಚ್ಚಿದ್ರೆ ಕೂದಲು ಅದನ್ನ ಹೀರಿ ತನ್ನ ಹುಟ್ಟು ರೂಪಕ್ಕೆ ಹೋಗುತ್ತೆ. ಜೂನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗೋಡೆಯೇ ಬೆವರುತ್ತೆ, ಮಡಚಿಟ್ಟ ಬಟ್ಟೆಗೆ ಬೂಸ್ಟ್ ಹಿಡಿಯುತ್ತೆ. ಇನ್ನು ಕೂದಲು ಯಾವ ಲೆಕ್ಕ?

ಯಾವ ಚಾರ್ಟೂ 'ನಿಮ್ಮೂರಲ್ಲಿ ಮಳೆ ಎಷ್ಟು?' ಅಂತ ಕೇಳಲಿಲ್ಲ. ಆಲೂರಲ್ಲಿ ನಿಲ್ಲೋ ಸ್ಟೈಲು ಹೆತ್ತೂರಲ್ಲಿ ನಿಲ್ಲಲ್ಲ. ಬೇರೆ ಊರಿನ ಒಣ ಗಾಳಿಗೆ ಬರೆದ ಉತ್ತರವನ್ನ ನಾವು ಇಲ್ಲಿ ಕಾಪಿ ಹೊಡೆದ್ವಿ.

ಭಾಗ 6/9

ಹುಡುಗ್ರೇ, 'ಇದು ಹುಡುಗೀರ ವಿಷಯ' ಅಂತ ಸ್ಕ್ರೋಲ್ ಮಾಡ್ಬೇಡಿ. ನಿಮ್ಮ ತಲೆಗೂ ಬರ್ತೀನಿ.

2017ರಲ್ಲಿ ಸುದೀಪ್ ಅವರ 'ಹೆಬ್ಬುಲಿ' ಬಂತು. ಪಕ್ಕ, ಹಿಂದೆ ಸಣ್ಣಗೆ ಬೋಳಿಸಿ ಮೇಲೆ ಮಾತ್ರ ಉದ್ದ ಬಿಡೋ ಕಟ್ಟಿಂಗ್ ಊರೂರಿಗೆ ಹಬ್ಬಿತು. ನೀವ್ಯಾರೂ ಟೇಪ್ ಹಿಡಿದು ದವಡೆ ಅಳೆದುಕೊಂಡು ಹೋಗಲಿಲ್ಲ. ಇಷ್ಟ ಆಯ್ತು, ಮಾಡಿಸ್ಕೊಂಡ್ರಿ. ನಂಗೆ ನಿಜಕ್ಕೂ ಹೊಟ್ಟೆಕಿಚ್ಚು. ನಾವು ಕೂದಲು ಕತ್ತರಿಸೋಕೆ ಮುಂಚೆ ಅಮ್ಮ, ಅಜ್ಜಿ, ಚಾರ್ಟು ಮೂವರ ಒಪ್ಪಿಗೆ ತಗೋಬೇಕು.

ಆದ್ರೆ ನಿಮಗೂ ತಡೆ ಬಂತು. 2023ರಲ್ಲಿ ಬಾಗಲಕೋಟೆ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು 'ನಮ್ಮ ಹುಡುಗರಿಗೆ ಹೆಬ್ಬುಲಿ ಕಟ್ಟಿಂಗ್ ಮಾಡಬೇಡಿ' ಅಂತ ಕ್ಷೌರದಂಗಡಿಗೇ ಪತ್ರ ಬರೆದ ಸುದ್ದಿ ಎಲ್ಲಾ ಕಡೆ ಓಡಾಡಿತು. 2025ರಲ್ಲಿ 'ಹೆಬ್ಬುಲಿ ಕಟ್' ಅನ್ನೋ ಸಿನಿಮಾನೇ ಬಂತು. ಆ ಕಟ್ಟಿಂಗ್ ಮಾಡಿಸ್ಕೋಬೇಕು ಅಂತ ಆಸೆ ಪಡೋ ಬಡ ದಲಿತ ಹುಡುಗನ ಕಥೆ. ಅವನಿಗೆ ಮುಖದ ಆಕಾರ ಅಡ್ಡ ಬರಲ್ಲ. ಬಡತನ ಬರುತ್ತೆ, ಜಾತಿ ಬರುತ್ತೆ.

ಇದು ಸಿನಿಮಾದ ಮಾತಷ್ಟೇ ಅಲ್ಲ. ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿ ನಮ್ಮ ರಾಜ್ಯದ ಹಳ್ಳಿಗಳಿಂದ ಈಗಲೂ ಬರ್ತಾನೇ ಇರುತ್ತೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಇನ್ನೊಂದು ಕಡೆ, ಕತ್ತರಿ ಹಿಡಿಯೋ ಅಣ್ಣಂದಿರ ಕಸುಬಿನ ಹೆಸರನ್ನೇ ನಾವು ಬೈಗುಳ ಮಾಡ್ಕೊಂಡಿದೀವಿ. ಕ್ಲಾಸಲ್ಲೂ ಬಳಸ್ತೀರ, ನಾನು ಕೇಳಿಸ್ಕೊಂಡಿದೀನಿ.

ಇದನ್ನ ಇಲ್ಲಿ ಯಾಕೆ ತಂದೆ ಅಂದ್ರೆ, ಚಾರ್ಟ್ ನಮ್ಮನ್ನ ನಂಬಿಸೋದು 'ನಿನಗೂ ಚೆಂದಕ್ಕೂ ಮಧ್ಯೆ ಇರೋದು ನಿನ್ನ ದವಡೆ ಮಾತ್ರ' ಅಂತ. ನಿಜವಾಗಿ ಮಧ್ಯೆ ಇರೋದು ದುಡ್ಡು, ಮಳೆ, ಮನೆಯವರ ಮಾತು, ಕುರ್ಚಿ ಮೇಲೆ ಕೂರೋ ಹಕ್ಕು. ದವಡೆ ಮೇಲೆ ತಪ್ಪು ಹೊರಿಸೋದು ಸುಲಭ, ಯಾಕಂದ್ರೆ ಅದು ತಿರುಗಿ ಮಾತಾಡಲ್ಲ.

ಭಾಗ 7/9

"ಅಯ್ಯೋ, ಚೆನ್ನಾಗಿ ಕಾಣಬೇಕು ಅನ್ನೋದು ತಪ್ಪಾ?" ಅಂತ ಮೂರು ಜನ ಮೆಸೇಜ್ ಮಾಡಿದ್ರಿ.

ಖಂಡಿತ ತಪ್ಪಲ್ಲ. ನಂಗೂ ಆಸೆ ಇದೆ. ಹೊಸ ಕಟ್ಟಿಂಗ್ ಮಾಡಿಸ್ಕೊಂಡು ಬಂದ ದಿನ ಬಸ್ಸಿನ ಕಿಟಕಿ ಗಾಜಲ್ಲಿ ನಾಲ್ಕು ಸಲ ನೋಡ್ಕೊಳ್ತೀನಿ. ಅಲಂಕಾರ ಬೇಡ ಅನ್ನೋ ಉಪದೇಶ ಕೇಳಿದ್ರೆ ನಂಗೂ ತಲೆನೋವು.

"ಚಾರ್ಟ್ ನೋಡಿ ನಂಗೆ ಧೈರ್ಯ ಬಂತು" ಅಂತ ಒಬ್ಬಳು ಬರೆದಿದ್ದಳು. ಬಂದಿದ್ರೆ ಸಂತೋಷ. ಒಂದು ಪರೀಕ್ಷೆ ಮಾಡಿ ನೋಡು ಅಂದೆ. ಗಾಳಿ ಬಂದು ಕೂದಲು ಹಿಂದಕ್ಕೆ ಹಾರಿದಾಗ, ತಕ್ಷಣ ಕೈ ಕೆನ್ನೆಗೆ ಹೋಗುತ್ತಾ? ಹೋದ್ರೆ ಅದು ಧೈರ್ಯ ಅಲ್ಲ ಕಣೇ, ಕಾವಲು. ಮಂಜರಾಬಾದ್ ಕೋಟೆ ಮೇಲೆ ಗಾಳಿ ಹೇಗೆ ಬೀಸುತ್ತೆ ಗೊತ್ತಲ್ಲ. ಅಲ್ಲಿ ನಿಂತು ಸುತ್ತಲ ಗುಡ್ಡ ನೋಡೋದಾ, ಮುಂಗೂದಲು ಹಿಡ್ಕೊಂಡು ನಿಲ್ಲೋದಾ?

ಒಪ್ಪೋ ಹೇರ್‌ಸ್ಟೈಲ್ ಅಂದ್ರೆ ನನ್ನ ಪ್ರಕಾರ ಇದು: ಬೆಳಿಗ್ಗೆ ಬಾಚಿ ಮನೆ ಬಿಟ್ಟ ಮೇಲೆ ಸಂಜೆ ತನಕ ನೆನಪೇ ಆಗಬಾರದು.

ಭಾಗ 8/9

ಬರೀ ಬೈದ್ರೆ ಪ್ರಯೋಜನ ಇಲ್ಲ. ನನ್ನ ಲಿಸ್ಟ್ ಬದಲಿಗೆ ಇದನ್ನ ಸೇವ್ ಮಾಡ್ಕೊಳ್ಳಿ.

ಮೊದಲು ಕೂದಲು ನೋಡಿ, ಮುಖ ಆಮೇಲೆ. ಒಂದು ಭಾನುವಾರ ತಲೆ ಸ್ನಾನ ಮಾಡಿ, ಎಣ್ಣೆ, ಸೀರಮ್, ಮೆಷಿನ್ ಏನೂ ಮುಟ್ಟಿಸದೆ ತಾನಾಗೇ ಒಣಗೋಕೆ ಬಿಡಿ. ನೆಟ್ಟಗಿದೆಯಾ, ಅಲೆಯಾ, ಗುಂಗುರಾ, ತೆಳುವಾ, ದಟ್ಟವಾ? ಮಳೆಗಾಲದಲ್ಲಿ ನಿಮ್ಮ ಜೊತೆ ಇರೋದು ಇದೇ ಕೂದಲು.

ಸುಳಿ ಎಲ್ಲಿದೆ ನೋಡಿ. ಎರಡು ಸುಳಿ ಇದ್ರೆ ಎರಡು ಮದುವೆ ಅಂತ ನಗಿಸೋದು ಬಿಡಿ. ಸುಳಿ ಇರೋ ಕಡೆ ಕೂದಲು ತೀರಾ ಗಿಡ್ಡ ಮಾಡಿದ್ರೆ ಮುಳ್ಳಿನ ಥರ ಎದ್ದು ನಿಲ್ಲುತ್ತೆ. ನಮ್ಮೂರ ಕ್ಷೌರದಂಗಡಿ ಅಣ್ಣ ನನ್ನ ತಮ್ಮನ ತಲೆ ಮುಟ್ಟಿ ಮೊದಲು ಹುಡುಕೋದೇ ಸುಳಿ. ಅವನ ದವಡೆ ಕಡೆ ಅವರು ಕಣ್ಣೂ ಹಾಯಿಸಲ್ಲ.

ಮೊದಲು ಬೈತಲೆ ಬದಲಿಸಿ. ಕಾಸು ಖರ್ಚಿಲ್ಲ. ನಡು ಬೈತಲೆಯವರು ಒಂದು ವಾರ ಪಕ್ಕಕ್ಕೆ ತೆಗೆದು ನೋಡಿ. ಅರ್ಧ ಜನಕ್ಕೆ ಅಷ್ಟೇ ಸಾಕಾಗುತ್ತೆ.

ಕತ್ತರಿಸೋಕೆ ಮುಂಚೆ ತಿಂಗಳು ಎಣಿಸಿ. ಕೂದಲು ತಿಂಗಳಿಗೆ ಬೆಳೆಯೋದು ಸುಮಾರು ಒಂದು ಸೆಂಟಿಮೀಟರ್. ಹುಬ್ಬಿನವರೆಗೆ ಕತ್ತರಿಸಿದ ಮುಂಗೂದಲು ಗಲ್ಲ ಮುಟ್ಟೋಕೆ ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅಷ್ಟು ದಿನ ಕಾಯೋಕೆ ತಯಾರಿದ್ರೆ ಕತ್ತರಿಸಿ. ಗುಂಗುರು ಕೂದಲಿನವರು ಒದ್ದೆ ಇದ್ದಾಗ ಕತ್ತರಿಸೋದಾದ್ರೆ ಉದ್ದ ಜಾಸ್ತಿ ಬಿಡಿಸಿ. ಒಣಗಿದ ಮೇಲೆ ಅದು ಮೇಲಕ್ಕೆ ಸುತ್ಕೊಳ್ಳುತ್ತೆ.

ಬೆಳಿಗ್ಗೆ ಎಷ್ಟು ನಿಮಿಷ ಇದೆ? ಏಳು ಗಂಟೆ ಬಸ್ಸಿನವರಿಗೆ ಐದು ನಿಮಿಷದ ಸ್ಟೈಲೇ ಬೇಕು. ಒದ್ದೆ ತಲೆ ಬಿಗಿಯಾಗಿ ಕಟ್ಟಬೇಡ ಅಂತ ಅಜ್ಜಿ ಹೇಳೋದು ಸರಿಯಾದ ಮಾತು. ಬುಡ ಒಣಗಲ್ಲ, ವಾಸನೆ ಬರುತ್ತೆ. ದಿನಾ ಎಳೆದು ಬಿಗಿಯಾಗಿ ಕಟ್ಟಿದ್ರೆ ಹಣೆ ಅಂಚಿನ ಕೂದಲು ಉದುರುತ್ತೆ.

ನೆಟ್ಟಗೆ ಮಾಡೋ ಕೆಮಿಕಲ್ ಟ್ರೀಟ್‌ಮೆಂಟ್ ಮಾಡಿಸೋರು ಬಾಟಲಿ ಮೇಲೆ ಏನು ಬರೆದಿದೆ ಕೇಳಿ. ಕೆಲವನ್ನ ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಬಿಡುಗಡೆ ಆಗುತ್ತೆ. ಅದು ಕಣ್ಣು, ಗಂಟಲು ಉರಿಸುತ್ತೆ. ಕ್ಯಾನ್ಸರ್ ತರೋ ವಸ್ತುಗಳ ಪಟ್ಟಿಯಲ್ಲೂ ಇದೆ. ಕಿಟಕಿ ಮುಚ್ಚಿದ ಚಿಕ್ಕ ರೂಮಲ್ಲಿ ದಿನವಿಡೀ ಅದನ್ನ ಹಚ್ಚೋ ಅಕ್ಕಂದಿರ ಬಗ್ಗೆನೂ ಯೋಚಿಸಿ.

ಇಷ್ಟೆಲ್ಲ ಆದ ಮೇಲೆ ಮುಖ ನೋಡ್ಕೊಳ್ಳಿ. ಗೆಳತಿ ಕೈಗೆ ಫೋನ್ ಕೊಟ್ಟು, ಐದಾರು ಅಡಿ ದೂರ ನಿಲ್ಲಿಸಿ, ಹಿಂದಿನ ಕ್ಯಾಮೆರಾದಲ್ಲಿ, ಕಣ್ಣಿನ ಮಟ್ಟಕ್ಕೆ ತೆಗೆಸಿ. ಆಗ ಕೇಳಬೇಕಾದ್ದು 'ಏನು ಮುಚ್ಚಲಿ?' ಅಂತಲ್ಲ. 'ಏನು ಕಾಣಲಿ?' ಅಂತ.

ಭಾಗ 9/9

ಮೊನ್ನೆ ಅವಳ ಮನೆಗೆ ಹೋಗಿದ್ದೆ. ಬಚ್ಚಲು ಒಲೆ ಮುಂದೆ ಕೂತು ತಲೆ ಒಣಗಿಸ್ಕೊಳ್ತಿದ್ದಳು. "ಲಿಸ್ಟ್ ಮಾಡಿದ್ದು ನಾನು ಕಣೇ" ಅಂದೆ. "ಗೊತ್ತು" ಅಂದಳು. "ಹೇಗೆ?" ಅಂದೆ. "ಹತ್ತೊಂಬತ್ತು ಹೆಸರಲ್ಲಿ ಒಬ್ಬಳೇ ಓವಲ್. ಅದು ನೀನು" ಅಂದಳು.

ನಂಗೆ ಮಾತೇ ಹೊರಡಲಿಲ್ಲ. ಹೌದು. ಎಲ್ಲರಿಗೂ ರಿಪೇರಿ ಬರೆದು, ನನ್ನ ಹೆಸರಿನ ಮುಂದೆ 'ಓವಲ್, ಏನು ಮಾಡಿದ್ರೂ ಓಕೆ' ಅಂತ ಬರ್ಕೊಂಡಿದ್ದೆ. ಅಮ್ಮನ ಟೇಪಲ್ಲಿ ಅದು ದುಂಡು ಅಂತ ಗೊತ್ತಾಗಿದ್ದು ಆಮೇಲೆ.

ಅವರಮ್ಮ ಒಳಗಿಂದ ಕಾಫಿ ತಂದ್ರು. ಅವರು ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿದಾಗ ನೋಡಿದೆ. ಅದೇ ದವಡೆ. ಅಗಲ, ಗಟ್ಟಿ, ನೇರ. ನಾನು 'ಮುಚ್ಚಬೇಕು' ಅಂತ ಬರೆದಿದ್ದು ಅವಳಿಗೆ ಅವಳಮ್ಮ ಕೊಟ್ಟಿದ್ದನ್ನ.

ವಾಟ್ಸಾಪಲ್ಲಿ ಎಲ್ಲರ ಫೋನಿಂದ ಅಳಿಸೋ ಟೈಮ್ ಮುಗಿದಿದೆ, ನಾನು ನೋಡಿದೆ. ಅದಕ್ಕೇ ನಿಮ್ಮನ್ನ ಕೇಳ್ತಿದೀನಿ. ಗ್ಯಾಲರಿಗೆ ಹೋಗಿ, ಆ ಲಿಸ್ಟ್ ಹುಡುಕಿ, ಡಿಲೀಟ್ ಮಾಡಿ. ಬೇರೆ ಸೆಕ್ಷನ್‌ಗೆ ಫಾರ್ವರ್ಡ್ ಮಾಡಿದೋರು ಅಲ್ಲೂ ಹೇಳಿ. ಇನ್ನೊಬ್ಬರ ಮುಖಕ್ಕೆ ಶೇಪ್ ಹೆಸರಿಡೋದನ್ನ ನಮ್ಮ ಕ್ಲಾಸಲ್ಲಿ ಇವತ್ತಿಗೆ ನಿಲ್ಲಿಸೋಣ. ಕೇಳದೆ ಯಾರೂ ಯಾರ ಮುಖಕ್ಕೂ ಮಾರ್ಕ್ಸ್ ಹಾಕೋದು ಬೇಡ.

ಮುಂಗೂದಲು ಬೆಳೆಯೋಕೆ ಒಂದು ವರ್ಷ ಬೇಕು ಅಂದೆನಲ್ಲ. ಅವಳು ಕಾಯಲ್ವಂತೆ. ಎಥ್ನಿಕ್ ಡೇಗೆ ಅದನ್ನ ಪಿನ್ ಹಾಕಿ ಹಿಂದಕ್ಕೆ ಬಾಚಿ, ಮೊದಲಿನ ಹಾಗೆ ಒಂದೇ ಜಡೆ ಹಾಕ್ಕೊಂಡು ಬರ್ತಾಳಂತೆ.

ಅವತ್ತು ಅವಳ ಕೈಗೆ ಯಾರೂ ಫೋನ್ ಕೊಡಬೇಡಿ. ಫೋಟೋ ತೆಗೆಯೋ ಸರದಿ ನಂದು.

#ಸಕಲೇಶಪುರ #ಆಲೂರು #ಮಲೆನಾಡ_ಮಳೆ #ನಮ್ಮ_ಕೂದಲು_ನಮ್ಮಿಷ್ಟ